ಫಿಲ್ಟರಿನಲ್ಲಿ ಸಿಕ್ಕ ಅನ್ನ

ಆ ದಿನಗಳಲ್ಲಿ ಸಿಂಧನೂರಿನ ನಮ್ಮ ಓಣಿಯ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಹುಲ್ಲಿನ ಬಣವೆ ಏರುವುದು, ಬೇವಿನ ನೆರಳಲ್ಲಿ ಚೌಕಾಬಾರ ಆಡುವುದು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ತಿಂದು ಹಲ್ಲು ಜುಮ್ಮೆನ್ನಿಸಿಕೊಳ್ಳುವುದು. ನಾನು ಆರನೇ ತರಗತಿ ಮುಗಿಸಿದ ವರ್ಷ ಅದಾವುದೂ ಇರಲಿಲ್ಲ. ಗೊರೇಬಾಳದಲ್ಲಿ ಸೋದರಮಾವನ ಹುಲ್ಲು ಹೇರಿದ ಟ್ರ್ಯಾಕ್ಟರಿನ ಮೇಲಿಂದ ತಂಗಿ ಪವಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಏಳು ವರ್ಷದ ಹುಡುಗಿ, ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್.

ಅವ್ವ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆಯೇ ಬರುತ್ತಿದ್ದಳು. ಅಪ್ಪನಿಗೆ ಲಿಂಗಸುಗೂರಿನಲ್ಲಿ ನೌಕರಿ. ಶನಿವಾರ ಮಾತ್ರ ಮನೆ. ದಿನವಿಡೀ ಪವಿಯ ಕಾವಲಿಗೆ ನಾನೊಬ್ಬಳೇ. ಮೊದಲ ವಾರವೆಲ್ಲ ಅವಳು ಗೋಡೆಗೆ ಮುಖ ತಿರುಗಿಸಿ ಮಲಗಿದ್ದಳು, ತಾಟಿನ ಊಟ ಹಾಗೇ ಉಳಿಯುತ್ತಿತ್ತು. ಆಮೇಲೆ ಒಂದು ಶನಿವಾರ ಅಪ್ಪ ಗಾಜಿನ ತೊಟ್ಟಿಯನ್ನೂ ನಾಲ್ಕು ಗೋಲ್ಡ್ ಫಿಶ್‌ಗಳನ್ನೂ ತಂದು ಅವಳ ಮಂಚದ ಪಕ್ಕದಲ್ಲೇ ಇಟ್ಟರು. ಪವಿ ಈ ಕಡೆ ತಿರುಗಿದಳು. ಗುಂಡಿ, ಕೆಂಪಿ, ರಾಣಿ, ಚುಕ್ಕಿ ಎಂದು ಹೆಸರಿಟ್ಟಳು. ತಾಟು ಖಾಲಿಯಾಗತೊಡಗಿತು. ‘ಈಗ ಚೊಲೊ ಉಣ್ಣಾಕತ್ತಾಳ, ಮೂಳಿ ಲಗೂನ ಕೂಡತೈತಿ’ ಎಂದು ಅವ್ವ ಹಿಗ್ಗಿದಳು.

ತೊಟ್ಟಿಯೊಳಗೆ ಗಾಜಿಗೆ ಅಂಟಿಸಿದ ಕಪ್ಪು ಡಬ್ಬಿಯೇ ಫಿಲ್ಟರ್. ಅದು ನೀರನ್ನು ಸ್ಪಂಜಿನ ಮೂಲಕ ಎಳೆದು ಮೇಲಿಂದ ಜುಳುಜುಳು ಬಿಡುತ್ತಿತ್ತು. ಮೂರನೇ ವಾರ ಆ ಸದ್ದು ಸಣ್ಣಗಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ನಾನು ಸ್ಪಂಜು ತೆಗೆದು ನಳದ ಕೆಳಗೆ ಹಿಂಡಿ ಹಾಕಿದೆ. ಎರಡು ದಿನಕ್ಕೆ ಮತ್ತೆ ಕಟ್ಟಿತು. ಮತ್ತೆ ತೊಳೆದೆ, ಮತ್ತೆ ಕಟ್ಟಿತು. ಕೊನೆಗೆ ನನಗೆ ತಲೆ ಕೆಟ್ಟು, ಪವಿಗೆ ಕಾಣದಂತೆ ಹಿತ್ತಲಿಗೆ ಒಯ್ದು ಬಟ್ಟೆ ಸಾಬೂನು ಹಚ್ಚಿ ಗಸಗಸ ತಿಕ್ಕಿದೆ. ಸ್ಪಂಜು ಹೊಸದರಂತಾಯಿತು.

ಮರುದಿನ ಬೆಳಿಗ್ಗೆ ಅವ್ವ ಹೋದ ಮೇಲೆ ಪವಿ ಕೂಗಿದಳು: ‘ಅಕ್ಕಾ, ಗುಂಡಿ ಯಾಕ ಅಡ್ಡಡ್ಡ ಮಕ್ಕೊಂಡಾಳ?’

ನೀರು ತೆಳು ಗಂಜಿಯಂತೆ ಬೆಳ್ಳಗಾಗಿತ್ತು. ಗುಂಡಿ ಸತ್ತಿತ್ತು. ಉಳಿದ ಮೂರೂ ಮೇಲೆ ತೇಲುತ್ತ ಏದುತ್ತಿದ್ದವು. ‘ಅವೂ ಸಾಯ್ತಾವೇನು?’ ಎಂದು ಪವಿ ಕೇಳಿದಳು. ಏಳಲು ಹೋಗಿ ಪ್ಲಾಸ್ಟರ್ ಎಳೆದು ಚೀರಿದಳು. ಪಕ್ಕದ ಮನೆಯ ಅಜ್ಜಿಯನ್ನು ಅವಳ ಬಳಿ ಕೂರಿಸಿ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಜಾರಿಗೆ ಓಡಿದೆ.

ಅಲ್ಲಿ ಬಣ್ಣದ ಮೀನು ಮಾರುತ್ತಿದ್ದ ನಿತಾಯ್ ಕಾಕಾ, ನಿರಾಶ್ರಿತರು ನೆಲೆಸಿದ್ದ ಆರ್.ಎಚ್. ಕ್ಯಾಂಪಿನ ಬಂಗಾಳಿ ಮನುಷ್ಯ. ಮೀನು ಸಾಯುತ್ತಿವೆ ಎಂದು ನಾನು ಅತ್ತಾಗ ಮತ್ತೇನೂ ಕೇಳದೆ ಅಂಗಡಿಯ ಪರದೆ ಇಳಿಸಿ, ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಬಂದರು.

‘ಮೊದಲು ಕರೆಂಟ್ ತೆಗಿ’ ಎಂದರು. ಅರ್ಧ ನೀರು ಚೆಲ್ಲಿದರು. ‘ನಳದ ಹೊಸಾ ನೀರು ಬ್ಯಾಡ, ಬ್ಲೀಚಿಂಗ್ ಇರ್ತೈತಿ. ನಿನ್ನಿ ಮೊನ್ನಿ ತುಂಬಿದ್ದು ಐತೇನು?’ ಮಣ್ಣಿನ ಹರವಿಯಲ್ಲಿದ್ದ ಹಳೆಯ ನೀರು ಕೊಟ್ಟೆ. ಆಮೇಲೆ ಅವರು ಫಿಲ್ಟರಿನ ಹಿಂದಿದ್ದ ಪುಟ್ಟ ಮುಚ್ಚಳ ತೆರೆದರು. ಅಂಥದ್ದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಒಳಗಿನ ಸಣ್ಣ ಫ್ಯಾನಿಗೆ ಬಿಳಿ ಲೋಳೆ ಸುತ್ತಿಕೊಂಡಿತ್ತು. ಬೆರಳಿಂದ ತೆಗೆದು ಮೂಸಿದರು.

‘ಅನ್ನ. ಹಳಸಿದ ಅನ್ನ. ಯಾರು ಹಾಕ್ಯಾರ ಇದರಾಗ?’

ಪವಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿಂದಲೇ ನೀರು ಇಳಿಯಿತು.

ಕಾಕಾ ಸ್ಪಂಜು ಹಿಂಡಿ ನನ್ನತ್ತ ತಿರುಗಿದರು. ‘ಸಾಬೂನು ಹಚ್ಚಿದ್ಯೇನು ಮಾ? ಹಚ್ಚಿದ್ರ ವಿಷ. ನೀರು ಚೊಲೊ ಇಡೋ ಹುಳ ಇದರಾಗ ಇರ್ತಾವ, ಕಣ್ಣಿಗಿ ಕಾಣಂಗಿಲ್ಲ. ಅವು ಸತ್ರ ಮೀನೂ ಸಾಯ್ತಾವ. ಇದನ್ನ ತೊಟ್ಟಿ ನೀರಾಗ ಹಿಂಡಬೇಕು, ಅಷ್ಟ.’

‘ಇಲ್ಲ ಕಾಕಾ’ ಎಂದೆ.

ಅವರು ಮತ್ತೆ ಕೇಳಲಿಲ್ಲ. ಹಳೆಯ ಸ್ಪಂಜನ್ನು ಆಚೆಗಿಟ್ಟು, ಅಂಗಡಿಯಿಂದ ತಂದಿದ್ದ ಬಳಸಿದ, ಆ ಹುಳಗಳಿರುವ ಸ್ಪಂಜಿನ ತುಂಡು ಹಾಕಿದರು. ಅಷ್ಟರಲ್ಲಿ ಕರೆಂಟೇ ಹೋಯಿತು. ‘ಮಗ್ಗಿನಿಂದ ನೀರು ತಕ್ಕೊಂಡು ಮ್ಯಾಲಿಂದ ಬಿಡ್ಕೋತ ಇರು. ಗಾಳಿ ಸಿಗ್ತೈತಿ. ನಿಲ್ಲಿಸಬ್ಯಾಡ’ ಎಂದು ಹೇಳಿ ಹೋದರು.

ಮಗ್ಗು ಎತ್ತಿ ಸುರಿದೆ, ಎತ್ತಿ ಸುರಿದೆ. ತೋಳು ಸೋತಿತು, ಬೆವರು ಕಣ್ಣಿಗಿಳಿಯಿತು. ಕೆಂಪಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ರಾಣಿಯೂ ಹೋಯಿತು. ಪವಿ ‘ಅಕ್ಕಾ, ರೊಟ್ಟಿ ಕೊಡು. ಎಲ್ಲಾ ನಾನ ಉಣ್ತೀನಿ. ನಾ ಉಂಡ್ರ ಚುಕ್ಕಿ ಬದುಕ್ತಾಳ’ ಎಂದಳು. ಒಣ ರೊಟ್ಟಿ ಮುರಿದು ಅಳುತ್ತಲೇ ಬಾಯಿಗೆ ತುರುಕಿಕೊಂಡಳು.

‘ಯಾಕ ಉಣ್ತಿದ್ದಿಲ್ಲ ನೀ? ಅನ್ನ ಯಾಕ ತೊಟ್ಟಿಗಿ ಹಾಕ್ತಿದ್ದಿ?’

‘ಉಂಡ್ರ ಪಾಟ್ ಇಡ್ರಿ ಅಂತ ಕರೀಬೇಕಲ್ಲ. ನಾಚಿಕಿ ಬರ್ತೈತಿ.’

ಏಳು ವರ್ಷದ ಅವಳಿಗೆ ಆ ನಾಚಿಕೆ ಹಸಿವೆಗಿಂತ ದೊಡ್ಡದಾಗಿತ್ತು. ದಿನವೂ ಮಲಗಿದಲ್ಲೇ ಮಲಮೂತ್ರಕ್ಕೆ ಪಾಟ್ ಇಡುವಾಗ ಮೂಗು ಮುರಿಯುತ್ತಿದ್ದವಳು ನಾನೇ. ರೊಟ್ಟಿ ಅವಳ ಗಂಟಲಲ್ಲಿ ಸಿಕ್ಕಿ ಕೆಮ್ಮತೊಡಗಿದಳು. ನನಗಿನ್ನು ತಡೆಯಲಾಗಲಿಲ್ಲ.

‘ನೀ ಕೊಂದಿಲ್ಲ ಪವಿ. ನಾ ಸಾಬೂನು ಹಚ್ಚೀನಿ. ಕಾಕಾಗ ಸುಳ್ಳು ಹೇಳ್ದೆ. ನಾನ ಕೊಂದೀನಿ.’

 ಬೈಯುತ್ತಾಳೆ, ಅವ್ವನಿಗೆ ಹೇಳುತ್ತಾಳೆ ಎಂದು ಕಾದೆ. ‘ಮಗ್ಗು ಕೊಡು. ನಿನ್ನ ಕೈ ಸೋತಾವ’ ಎಂದಳು. ಮಲಗಿದಲ್ಲಿಂದಲೇ ಕೈ ಚಾಚಿ ಸುರಿದಳು. ಅರ್ಧ ನೀರು ಹಾಸಿಗೆಯ ಮೇಲೆ ಬಿತ್ತು. ಕರೆಂಟು ಬರುವವರೆಗೆ ಸರದಿಯಂತೆ ಸುರಿದೆವು. ಚುಕ್ಕಿಯೊಂದು ಬದುಕಿತು. ಆ ಸಂಜೆ ಅವ್ವನಿಗೆ ಎಲ್ಲವನ್ನೂ ಹೇಳಿದೆವು. ಅವ್ವ ಬೈಯಲಿಲ್ಲ. ಒದ್ದೆ ಹಾಸಿಗೆ ಬದಲಿಸುತ್ತ ಪವಿಯ ತಲೆಯನ್ನು ಎದೆಗೊತ್ತಿಕೊಂಡು ಬಿಕ್ಕಿದಳು. ನಾನು ಮತ್ತೆಂದೂ ಮೂಗು ಮುರಿಯಲಿಲ್ಲ. ಮಳೆಗಾಲಕ್ಕೆ ಪವಿ ಗೋಡೆ ಹಿಡಿದು ನಡೆದಳು. ಚುಕ್ಕಿ ಎರಡು ವರ್ಷ ಇತ್ತು.

ಈಗ ಪವಿ ಮಸ್ಕಿಯಲ್ಲಿ ಟೀಚರು, ನಾನು ಲಿಂಗಸುಗೂರಿನಲ್ಲಿ. ನಡುವೆ ಒಂದು ತಾಸಿನ ದಾರಿಯೂ ಇಲ್ಲ. ವಾರಕ್ಕೊಮ್ಮೆ ಫೋನು. ‘ಅರಾಮ ಇದ್ದೀಯೇನು?’ ‘ಹ್ಞೂಂ ಅಕ್ಕಾ, ಅರಾಮ. ನೀ?’ ‘ನಾನೂ ಅರಾಮ.’ ಕಳೆದ ವರ್ಷ ಅವಳ ಹೊಟ್ಟೆಯಲ್ಲಿದ್ದ ಕೂಸು ಹೋದದ್ದು ನನಗೆ ಎರಡು ತಿಂಗಳ ಮೇಲೆ, ಅದೂ ಬೇರೆಯವರ ಬಾಯಿಂದ ಗೊತ್ತಾಯಿತು. ‘ನಿನಗ ಯಾಕ ತ್ರಾಸ ಅಂತ ಹೇಳಲಿಲ್ಲ’ ಎಂದಳು. ನನ್ನ ಮನೆಯ ಸಂಕಟಗಳನ್ನು ನಾನಾದರೂ ಅವಳಿಗೆ ಎಲ್ಲಿ ಹೇಳಿದ್ದೇನೆ? ಒಬ್ಬರಿಗೊಬ್ಬರು ತೊಂದರೆ ಕೊಡದಷ್ಟು ದೊಡ್ಡವರಾಗಿಬಿಟ್ಟಿದ್ದೇವೆ.