ಲಿಫ್ಟ್ ಗೆದ್ದ ಗಾಯಕ

ಕೊಲ್ಲಿ ನಾಡಿನ ಅಲ್ ಕುಸೈಸಿನಲ್ಲಿ ಭಟ್ಕಳದ ಮೈಮೂನಾಳ ಎದುರುಮನೆಯಲ್ಲಿರುವ ಇಟಲಿಯ ಜಾಝ್ ಗಾಯಕ ತುಲ್ಲಿಯೊನಿಗೆ ಪ್ರತಿಭಟಿಸದೆ ತಿಂದ ಅನ್ನ ಅರಗುವುದಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಒಂದು ಹಾಡು, ಪಾರ್ಕಿಂಗ್ ಸಿಗದಿದ್ದರೆ ಸ್ಯಾಕ್ಸೊಫೋನಿನಲ್ಲಿ ಇನ್ನೊಂದು. ಕೆಲಸದ ಹೋಟೆಲಿನಲ್ಲಿ ಅವನು ಮುಷ್ಟಿ ಬಿಗಿದು ಗಿರಣಿ ಕಾರ್ಮಿಕರ ಹಾಡು ಹೇಳಿದರೆ, ಊಟಕ್ಕೆ ಬಂದ ಜೋಡಿಗಳು ಭಾಷೆ ತಿಳಿಯದೆ ಪ್ರೇಮಗೀತೆಯೆಂದುಕೊಂಡು ಕೈಹಿಡಿದು ಕುಣಿಯುತ್ತವೆ. ಮೈಮೂನಾ ಬಿರಿಯಾನಿ ಕಳಿಸಿದರೆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವನಿಗೆ ಯಾರೋ ಹೇಳಿದ್ದಾರೆ. ಅಡುಗೆ ಬಾರದ ಮನುಷ್ಯ, ತೊಳೆದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಒಂದು ಹೋರಾಟದ ಹಾಡು ಒಪ್ಪಿಸಿಯೇ ಹೋಗುತ್ತಾನೆ. ಹೋದ ತಿಂಗಳು ಲಿಫ್ಟ್ ಕೆಟ್ಟಾಗ, ಮೈಮೂನಾಳ ಮಂಡಿನೋವು ನೋಡಲಾರದೆ ಮೆಟ್ಟಿಲ ಮೇಲೆ ಕೂತು ಲಿಫ್ಟಿಗೂ ಹಾಡು ಕಟ್ಟಿದ. ಮಕ್ಕಳು, ಹೆಂಗಸರು, ಕೊನೆಗೆ ವಾಚ್‌ಮನ್ ಕೂಡ ಪಲ್ಲವಿ ಹಿಡಿದರು. ಆ ಗದ್ದಲಕ್ಕೋ ಏನೋ, ವಾರದೊಳಗೆ ಲಿಫ್ಟ್ ರಿಪೇರಿಯಾಯಿತು. ಎಲ್ಲರೂ ಹತ್ತಿ ಇಳಿದರು. ತುಲ್ಲಿಯೊ ಮಾತ್ರ ಒಳಗೇ ನಿಂತು ಮೇಲೆ ಕೆಳಗೆ ಓಡಾಡುತ್ತಲೇ ಇದ್ದ. "ಯಾಕೆ ಭಾಯ್, ಇಳಿಯೋದಿಲ್ವಾ?" ಎಂದಳು ಮೈಮೂನಾ. "ಜೀವಮಾನವೆಲ್ಲ ಹಾಡಿದೆ ಬೆಹೆನ್. ಮುಚ್ಚಿದ ಒಂದು ಕಾರ್ಖಾನೆಯೂ ತೆರೆಯಲಿಲ್ಲ, ಒಂದು ಯುದ್ಧವೂ ನಿಲ್ಲಲಿಲ್ಲ. ನಾನು ಗೆದ್ದದ್ದು ಇದೊಂದೇ." ಮೈಮೂನಾ ಬಿಸಿ ಬಿರಿಯಾನಿಯ ತಟ್ಟೆಯನ್ನು ಅವನ ಕೈಗಿಟ್ಟಳು. "ಖಲಾಸ್, ಸಾಕು, ಮೊದ್ಲು ಊಟ ಮಾಡಿ. ನಾಳೆಯಿಂದ ನಮ್ಮ ಕೆಟ್ಟಿರೋ ಏಸಿಯ ಹಾಡು ಶುರು ಮಾಡುವಾ."