ಕೆಳಮನೆಯ ಅಜ್ಜನ ಕಡಲಹಕ್ಕಿ

ಮೊನ್ನೆ ಮಗಳ ಕೈಯಿಂದ ಮೀನೆಣ್ಣೆಯ ಬಾಟಲಿ ಜಾರಿ ಅಡುಗೆಮನೆಯೆಲ್ಲ ನಾತವೆದ್ದಿತು. “ಇಗಿಟ್, ಪಾಪಾ” ಎಂದು ಜರ್ಮನಿನಲ್ಲಿ ಛೀಗುಟ್ಟುತ್ತ ಮೂಗು ಮುಚ್ಚಿಕೊಂಡು ಓಡಿದಳು. ನಾನು ಮಾತ್ರ ಅಲ್ಲೇ ನಿಂತು ಇನ್ನೊಮ್ಮೆ ಮೂಸಿದೆ. ಯೇನಾ ಊರಿನಲ್ಲಿ ನನ್ನ ಕೆಳಮಹಡಿಯಲ್ಲಿದ್ದ ಕೆಳಮನೆಯ ಅಜ್ಜ ನೆನಪಾದರು...

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿಯೇ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ನಾನು ಬಂದ ಹೊಸತು. ಅಜ್ಜ ಬದುಕಿಡೀ ದುರ್ಬೀನುಗಳಿಗೆ ಗಾಜು ಉಜ್ಜಿದವರು. ಆ ಗಾಜಿನಲ್ಲಿ ಊರವರೆಲ್ಲ ಹಕ್ಕಿ ನೋಡಿದರು. ಅವರಿಗೆ ಬೇಕಿದ್ದ ಫುಲ್ಮರ್ ಎಂಬ ಕಡಲಹಕ್ಕಿ ಮಾತ್ರ ಪಶ್ಚಿಮ ಜರ್ಮನಿಯ ಹೆಲ್ಗೋಲಾಂಡ್ ದ್ವೀಪದಲ್ಲಿತ್ತು, ಯೇನಾದಂಥ ಪೂರ್ವ ಜರ್ಮನಿಯ ಊರವರು ಆಗ ಅಲ್ಲಿಗೆ ಹೋಗುವಂತಿರಲಿಲ್ಲ. ಎರಡು ಜರ್ಮನಿಗಳ ನಡುವಿನ ಗೋಡೆ ಬಿದ್ದ ಮೇಲೆ ಹೆಂಡತಿ ಹಾಸಿಗೆ ಹಿಡಿದರು. ಆಕೆ ತೀರಿಕೊಳ್ಳುವ ಹೊತ್ತಿಗೆ ಇವರ ಕಣ್ಣು ಮಂಜಾಗತೊಡಗಿತ್ತು. ಪೂರ್ತಿ ಹೋಗುವುದರೊಳಗೆ ಒಮ್ಮೆ ನೋಡಬೇಕು, ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು.

ರೈಲಿನುದ್ದಕ್ಕೂ ಪಾಠ. ನೋಡಲು ಕಡಲಕಾಗೆಯಂತೆಯೇ ಇರುತ್ತದೆ, ಮೋಸಹೋಗಬೇಡ. ರೆಕ್ಕೆ ಸೆಟೆದುಕೊಂಡು ತೇಲುತ್ತದೆ. ಕೊಕ್ಕಿನ ಮೇಲೆ ಕೊಳವೆಯಂಥ ಮೂಗು. ಹತ್ತಿರ ಹೋದರೆ ಹೊಟ್ಟೆಯ ಎಣ್ಣೆ ಕಾರುತ್ತದೆ. ವರ್ಷವರ್ಷವೂ ಅದೇ ಜೋಡಿ, ಬಂಡೆಯ ಅದೇ ಅಂಚು. ಮಲ್ಪೆಯಲ್ಲಿ ಹುಟ್ಟಿದವನಿಗೆ ಕಡಲಹಕ್ಕಿಯ ಪಾಠವೇ, ಅಜ್ಜಿಗೇ ಕೆಮ್ಮು ಕಲಿಸಿದಂತಾಯಿತು ಎಂದು ಒಳಗೇ ನಗುತ್ತಿದ್ದೆ. ನಮ್ಮಲ್ಲಿ ಬಿಳಿಯದೆಲ್ಲ ಕಡಲಕಾಗೆ. ಅದು ಎಲ್ಲಿ ಇಳಿಯಿತೋ ಅಲ್ಲಿ ಮೀನು, ಅಷ್ಟೇ.

ಬಂಡೆಯ ಮೇಲೆ ಅಜ್ಜ ದುರ್ಬೀನು ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಇಳಿಸಿ, ಬರೀ ಬೆಳ್ಳಗೆ ಕಾಣುತ್ತದೆ ಎಂದರು. ಬೇಲಿಯ ಕೆಳಗೇ ಹುಲ್ಲಂಚಿನಲ್ಲಿ ಒಂದು ಹಕ್ಕಿ ಕೂತಿತ್ತು. ಕಡಲಕಾಗೆ ಏನು ಮಾಡೀತು ಎಂದು ಬಗ್ಗಿದೆ. ಅದು ಬಾಯಿ ತೆರೆದು ತೋಳಿನ ಮೇಲೆಲ್ಲ ನಾರುವ ಎಣ್ಣೆ ಕಾರಿತು. ತುಳುವಿನಲ್ಲಿ ಬಾಯಿಗೆ ಬಂದಂತೆ ಬಯ್ದೆ. ಅಜ್ಜ ತಡವರಿಸುತ್ತ ಬಂದು ನನ್ನ ತೋಳನ್ನು ಮೂಗಿಗೆ ಒತ್ತಿ ಹಿಡಿದರು.

“ಅದೇ” ಎಂದರು. “ಇಲ್ಲಿ ಹೀಗೆ ಕಾರೋದು ಅದೊಂದೇ.”

ಅವರು ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ.

ಮರಳುವ ಹಡಗಿನಲ್ಲಿ ಕೇಳಿದರು, “ಜೋಡಿ ಇತ್ತಾ?”

ಇತ್ತು ಎಂದೆ. ಕೂತಿದ್ದದ್ದು ಒಂದೇ.

ಹಾಗಾದರೆ ಮುಂದಿನ ವಸಂತಕ್ಕೆ ಎರಡೂ ಬಂದಿವೆಯೇ ನೋಡಿಬರೋಣ ಎಂದರು. ಅಷ್ಟರಲ್ಲಿ ನನಗೆ ಯೇನಾದಿಂದ ದೂರದ ಎಷ್‌ಬಾರ್ನ್‌ನಲ್ಲಿ ಕೆಲಸವಾಯಿತು. ವಸಂತದಲ್ಲಿ ಎರಡು ಸಲ ಫೋನ್ ಮಾಡಿದರು. ಪ್ರಾಜೆಕ್ಟ್ ಇದೆ, ಮುಂದಿನ ವರ್ಷ ನೋಡೋಣ ಅಂದೆ. ಮುಂದಿನ ವರ್ಷ ಫೋನ್ ಬರಲಿಲ್ಲ... ತೀರಿಕೊಂಡ ಸುದ್ದಿ ಬೇಸಿಗೆಯಲ್ಲಿ ತಿಳಿಯಿತು.

ಈಗ ಬೇಕಾದಷ್ಟು ರಜೆ ಇದೆ, ಹಡಗೂ ಓಡಾಡುತ್ತದೆ. ನಾನು ಹೋಗಿಲ್ಲ. ಸರಿಯಾಗಿ ನೋಡಿ ನಿಜ ಹೇಳೋಣವೆಂದರೆ, ಕೇಳಲು ಅವರಿಲ್ಲ.