ಒಡೆದ ಗಾಜಿನ ಡಬ್ಬಿ

“ಇದನ್ನ ಒಡದಾವ್ರು ಯಾರು?”

ತಪಾಸಣೆಗೆ ಬಂದ ಸಾಹೇಬರು ಗಾಜಿನ ಚೂರುಗಳಿದ್ದ ಡಬ್ಬಿಯನ್ನು ಅಲ್ಲಾಡಿಸಿ ಕೇಳಿದರು. ಮಹಾರಾಷ್ಟ್ರದ ಗಡಹಿಂಗ್ಲಜ ಹತ್ತಿರದ ನಮ್ಮ ಕನ್ನಡ ಶಾಲೆಗೆ ಸರ್ಕಾರ ವಿಜ್ಞಾನದ ಪೆಟ್ಟಿಗೆ ಕೊಟ್ಟಿತ್ತು. ಅದರಲ್ಲಿ ಏನೇ ಒಡೆದರೂ ಚೂರುಗಳನ್ನು ಎತ್ತಿಟ್ಟು ಸಾಹೇಬರಿಗೆ ತೋರಿಸಲೇಬೇಕಿತ್ತು. ಶಾಲೆಯಿಂದ ತಕರಾರು ಬಂದರೆ ಮರುದಿನವೇ ಶಾಲೆ ಬಿಟ್ಟು ಕುರಿ ಹಿಂದೆ ಹೋಗಬೇಕೆಂದು ಅಪ್ಪ ನನಗೆ ಮೊದಲೇ ಹೇಳಿದ್ದ.

ನಮಗೆ ಕಲಿಸುತ್ತಿದ್ದ ಅಕ್ಕೋರು ನನ್ನ ಹೆಸರು ಹೇಳಲಿಲ್ಲ. ನಾನೇ ಎದ್ದು ನಿಂತೆ.

“ನಾನ್ರೀ ಸಾಹೇಬ್ರ. ಕಾದ ಗಾಜಿನ ನಳಿಕಿ ಥಣ್ಣೀರಾಗ ಅದ್ದಿದ್ನಿರಿ. ಹೊರಗಿನ ಗಾಜು ಲಗೂನ ಆರಿ ಕುಗ್ಗಿತು, ಒಳಗಿಂದು ಕುಗ್ಗಲಿಲ್ಲ. ಅದಕ್ಕ ಸೀಳಿತ್ರಿ.”

ಸಾಹೇಬರು ನನ್ನನ್ನೇ ನೋಡಿದರು. ಆಮೇಲೆ ಅಕ್ಕೋರ ಕಡೆ ತಿರುಗಿದರು. “ನಿನ್ನೆ ಪ್ಯಾಟಿ ದೊಡ್ಡ ಸಾಲಿಗೆ ಹೋಗಿದ್ನಿರಿ ಅಕ್ಕೋರ. ಹಿಂತಾವ ನಾಕ ಪೆಟಗಿ ಅದಾವ. ಒಡದೀತಂತ ಹೆಡ್ ಮಾಸ್ತರು ಕೀಲಿ ಹಾಕಿ ಇಟ್ಟಾರ. ಒಂದ ನಳಿಕಿನೂ ಒಡದಿಲ್ಲ, ಒಂದ ಹುಡುಗಗೂ ಉತ್ತರ ಬರಲಿಲ್ಲ! ಶಾಬ್ಬಾಸ್, ಕೂಡವಾ ತಂಗಿ.”

ಸಂಜೆ ಅಕ್ಕೋರು ಕುರಿ ಹಟ್ಟಿಯ ತನಕ ನಡೆದುಬಂದು ಅಪ್ಪನಿಗೆ ಎಲ್ಲ ಹೇಳಿದರು. ಅಪ್ಪ ತಲೆಗೆ ಸುತ್ತಿದ ಪಟಕಾ ಸರಿಪಡಿಸಿಕೊಂಡು ನಕ್ಕ. “ಒಡದ್ರೂ ಶಾಬ್ಬಾಸ್ ಅಂತಾರಂದ್ರ ಅದೆಂಥಾ ಸಾಲೀರಿ ಅಕ್ಕೋರ! ಹೋಗ್ಲಿ ಬಿಡ್ರಿ, ಕಲೀಲಿ.”

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಈಗ ಇಚಲಕರಂಜಿಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ತರಗತಿಯಲ್ಲೂ ಚೂರುಗಳಿಗೆಂದು ಒಂದು ಡಬ್ಬಿ ಇದೆ. ವರ್ಷದ ಕೊನೆಗೆ ಅದು ಖಾಲಿ ಉಳಿದರೆ, ನಾನು ಕಲಿಸಿದ್ದು ಸಾಲಲಿಲ್ಲವೇನೋ ಅನ್ನಿಸುತ್ತದೆ.